ಅರ್ಧ ಹೆಜ್ಜೆ

ಹೊಳೆಯ ದಂಡೆಯ ಮೇಲೆ ಅಡಿವೆಪ್ಪ ಗುರುಗಳ ಕಬಡ್ಡಿ ಅಂಕಣವಿತ್ತು. ಜರಡಿ ಹಿಡಿದ ಕೆಮ್ಮಣ್ಣು, ಸುಣ್ಣದ ಗೆರೆ. ಪಕ್ಕದಲ್ಲೇ ಅವರ ಮನೆ. ಹತ್ತು ಹನ್ನೆರಡು ತರುಣರು ಅಲ್ಲೇ ಉಂಡು, ಅಲ್ಲೇ ಮಲಗಿ ಆಟ ಕಲಿಯುತ್ತಿದ್ದರು.

ಅವರಲ್ಲಿ ಯಮನಪ್ಪನೂ ಒಬ್ಬ. ಇಪ್ಪತ್ತರ ವಯಸ್ಸು, ನೊಗದಂಥ ಹೆಗಲು. ಮೂರು ವರ್ಷದಿಂದ ಅವನಿಗೆ ಒಂದೇ ಕೆಲಸ. ಅಡ್ಡ ನಿಲ್ಲುವುದು.

ಎದುರು ತಂಡದವನು ಉಸಿರು ಕಟ್ಟಿ ಒಳಗೆ ನುಗ್ಗುತ್ತಾನೆ. ಮೂಲೆಯಲ್ಲಿ ನಿಂತವನು ಅವನ ಪಾದಕ್ಕೆ ಬಿದ್ದು ಹಿಡಿಯುತ್ತಾನೆ. ಅದೇ ಕ್ಷಣಕ್ಕೆ ಪಕ್ಕದವನು ಎದುರಿಗೆ ಹೋಗಿ, ನಡುಗೆರೆಯ ದಾರಿಯನ್ನು ತನ್ನ ಮೈಯಿಂದಲೇ ಮುಚ್ಚಬೇಕು. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಮುಚ್ಚದಿದ್ದರೆ ಬಂದವನು, ಕಾಲು ಹಿಡಿದವನನ್ನೂ ದರದರ ಎಳೆದುಕೊಂಡು ಗೆರೆ ಮುಟ್ಟಿಬಿಡುತ್ತಾನೆ.

ಮೂಲೆಯಲ್ಲಿ ನಿಲ್ಲುತ್ತಿದ್ದವನು ದ್ಯಾಮಣ್ಣ. ಪಕ್ಕದವನು ಯಮನಪ್ಪ.

ಜನ ಕೂಗುತ್ತಿದ್ದುದು ಒಂದೇ ಹೆಸರು.

"ದ್ಯಾಮಣ್ಣಾ!"

ದ್ಯಾಮಣ್ಣ ಎರಡು ವರ್ಷ ಚಿಕ್ಕವನು. ಗುರುಗಳ ಬಳಿ ಬಂದದ್ದೂ ಒಂದು ವರ್ಷ ತಡವಾಗಿ. ಸಣಕಲು ಮೈ, ಮಾತಿಗೊಂದು ನಗು. ಯಮನಪ್ಪನನ್ನು 'ಅಣ್ಣಾ' ಎಂದೇ ಕರೆಯುತ್ತಿದ್ದ.

ಆ ನಗು ಯಮನಪ್ಪನಿಗೆ ಆಗುತ್ತಿರಲಿಲ್ಲ. ಆ 'ಅಣ್ಣಾ' ಕೂಡ.

ಊಟಕ್ಕೆ ಕೂತಾಗ ಗುರುಗಳ ಹೆಂಡತಿ ನೀಲವ್ವ ಒಬ್ಬೊಬ್ಬರ ರೊಟ್ಟಿಯ ಮೇಲೂ ಬೆಣ್ಣೆ ಇಡುತ್ತಾ ಬರುತ್ತಿದ್ದಳು. ಯಮನಪ್ಪ ತನ್ನ ತಾಟು ನೋಡುತ್ತಿರಲಿಲ್ಲ, ದ್ಯಾಮಣ್ಣನ ತಾಟು ನೋಡುತ್ತಿದ್ದ. ಅಲ್ಲಿ ಬೆಣ್ಣೆ ಹೆಚ್ಚು ಕಂಡ ದಿನ ಅವನು ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ. ಸಮ ಕಂಡ ದಿನ, ಅವ್ವ ತನಗೆ ಕಾಣಲೆಂದೇ ಸಮ ಮಾಡಿದ್ದಾಳೆ ಅನ್ನಿಸುತ್ತಿತ್ತು.

ಒಂದು ಮುಂಜಾನೆ ಅವನು ಗುರುಗಳ ಮುಂದೆ ಹೋಗಿ ನಿಂತ.

"ಗುರುಗಳ, ನನ್ನ ಬ್ಲಾಕ್ ಇನ್ನೂ ಚಲೋ ಆಗತೈತೇನ್ರಿ?"

ಗುರುಗಳು ಬೇವಿನ ಕಡ್ಡಿ ಜಗಿಯುತ್ತಾ ಕೇಳಿದರು. "ಯಾರಕಿಂತ?"

ಯಮನಪ್ಪ ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೂ ಮುಖ ಬಿಸಿಯಾಯಿತು.

"ಈಗ ಇರೂದಕಿಂತ್ರಿ," ಅಂದ.

"ಹಂಗಾದ್ರ ಬಾ."

ಹೊಳೆಗೆ ಇಳಿಯುವ ಕಿರುದಾರಿಗೆ ಕರೆದೊಯ್ದರು. ಎರಡೂ ಕಡೆ ಬೇಲಿ, ನಡುವೆ ಎರಡಾಳು ಅಗಲದ ದಾರಿ. ಮೇಲಿನಿಂದ ಒಂದು ಮಣಕ ನೀರು ಕುಡಿಯಲು ಬರುತ್ತಿತ್ತು. ಇನ್ನೂ ಈಯದ, ಮೈತುಂಬಾ ಸೊಕ್ಕು ತುಂಬಿದ ಎಮ್ಮೆ.

"ಇದನ್ನ ನಿಲ್ಲಸು. ಹೊಡೀಬ್ಯಾಡ, ಕೂಗಬ್ಯಾಡ."

ಯಮನಪ್ಪ ಕೈ ಚಾಚಿ ಅದರ ಮೇಲೆ ಹಾರಿದ. ಮಣಕ ಸ್ವಲ್ಪ ಸರಿದು ಹೋಯಿತು. ಅವನು ಬೇಲಿಯಲ್ಲಿ ಬಿದ್ದ.

ಮರುದಿನವೂ ಬಿದ್ದ. ಅದರ ಮರುದಿನವೂ.

ನಾಲ್ಕನೆಯ ದಿನ ಗುರುಗಳು ಕೇಳಿದರು. "ಎಲ್ಲಿ ನೋಡ್ತಿ?"

"ಮಾರಿ ನೋಡ್ತೀನ್ರಿ," ಅಂದ ಯಮನಪ್ಪ, ಮಣಕದ ಮುಖದ ಕಡೆ ಕೈ ಮಾಡಿ.

"ಮಾರಿ ಸುಳ್ಳ ಹೇಳ್ತೈತಿ. ಎದಿ ನೋಡು. ಎದಿ ಬಿಟ್ಟು ಅದು ಎಲ್ಲಿಗೂ ಹೋಗಂಗಿಲ್ಲ."

ಮತ್ತೊಂದು ದಿನ ಅಂದರು. "ಹಾರಬ್ಯಾಡ. ಹಾರಿದವಗ ನೆಲ ಇರಂಗಿಲ್ಲ."

ಹದಿನಾರು ದಿನ ಕಳೆದವು. ಯಮನಪ್ಪ ಮಂಡಿ ಬಗ್ಗಿಸಿದ, ಸೊಂಟ ಇಳಿಸಿದ. ಪಾದ ಎತ್ತದೆ, ನೆಲ ಉಜ್ಜಿದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಟ್ಟ. ಮಣಕ ಎಡಕ್ಕೆ ಬಂತು, ಅವನು ಅಲ್ಲಿದ್ದ. ಬಲಕ್ಕೆ ಬಂತು, ಅಲ್ಲಿಯೂ ಇದ್ದ. ಕೊನೆಗೆ ಅದು ನಿಂತು ಅವನ ಎದೆಯನ್ನು ಮೂಸಿತು.

ಯಮನಪ್ಪ ಹಿಗ್ಗಿದ. ಅಂಕಣದ ಕಡೆ ಕತ್ತು ತಿರುಗಿಸಿ ನೋಡಿದ. ದ್ಯಾಮಣ್ಣ ಇದನ್ನು ನೋಡಿದನೋ ಇಲ್ಲವೋ ಎಂದು.

ಅಷ್ಟರಲ್ಲಿ ಮಣಕ ಅವನ ಪಕ್ಕದಿಂದ ನುಸುಳಿ ನೀರಿಗಿಳಿಯಿತು.

ಗುರುಗಳು ಮೇಲೆದ್ದು ಧೋತರ ಕೊಡವಿಕೊಂಡರು. "ಮಣಕ ಕಲಸೂದು ಇಷ್ಟ. ಉಳಿದದ್ದು ಅದಕ್ಕ ಗೊತ್ತಿಲ್ಲ."

ಹದಿನೈದು ದಿನದ ಮೇಲೆ ಹೊಳೆಯಾಚೆಯ ಊರಿನಲ್ಲಿ ಪಂದ್ಯ ನಡೆಯಿತು. ಮಧ್ಯಾಹ್ನದ ಬಿಸಿಲು. ಅಂಕಣದ ಸುತ್ತ ಜನವೋ ಜನ. ಆಟ ಮುಗಿಯಲು ಒಂದೇ ದಾಳಿ ಬಾಕಿ, ಎರಡೂ ಕಡೆ ಅಂಕ ಸಮ.

ಆ ಊರಿನ ತಂಡದಿಂದ ಒಬ್ಬ ದೈತ್ಯ ಒಳಗೆ ಬಂದ.

ದ್ಯಾಮಣ್ಣನ ಕೈ ಯಮನಪ್ಪನ ಕೈಯಲ್ಲಿತ್ತು. ಅದು ಬಿಟ್ಟುಹೋದದ್ದು ಗೊತ್ತಾಯಿತು. ದ್ಯಾಮಣ್ಣ ಆಗಲೇ ನೆಲದ ಮೇಲಿದ್ದ. ದೈತ್ಯನ ಪಾದ ಅವನ ಎರಡೂ ಕೈಗಳೊಳಗೆ ಸಿಕ್ಕಿತ್ತು.

ಯಮನಪ್ಪನ ಮಂಡಿ ಬಗ್ಗಿಯೇ ಇತ್ತು. ಕಣ್ಣು ಎದೆಯ ಮೇಲೆಯೇ ಇತ್ತು. ಹೋಗಬೇಕಾದ ಜಾಗ ಕಾಲಿಗೆ ಗೊತ್ತಿತ್ತು.

ಆಗ ಜನ ಕೂಗಿದರು. "ದ್ಯಾಮಣ್ಣಾ!"

ಯಮನಪ್ಪ ಅರ್ಧ ಹೆಜ್ಜೆ ತಡ ಮಾಡಿದ.

ಅರ್ಧವೇ. ಆದರೆ ದೈತ್ಯನಿಗೆ ಅಷ್ಟು ಸಾಕಾಯಿತು. ಹಿಡಿದವನನ್ನು ಎಳೆದುಕೊಂಡೇ ಹೊರಳಿ, ಅವನ ಹೆಗಲ ಮೇಲೆ ಬಿದ್ದು, ಕೈ ಚಾಚಿ ಗೆರೆ ಮುಟ್ಟಿದ. ಒಣ ಕಡ್ಡಿ ಮುರಿದಂಥ ಸದ್ದು ಅಂಕಣದೊಳಗಿದ್ದವರಿಗೆಲ್ಲ ಕೇಳಿಸಿತು.

ದ್ಯಾಮಣ್ಣ ಕೂಗಲಿಲ್ಲ. ಬಾಯಿ ತೆರೆದು ಆಕಾಶ ನೋಡುತ್ತಿದ್ದ.

ಅವನನ್ನು ಎತ್ತಿಕೊಂಡು ಹೋದರು. ಯಮನಪ್ಪ ಸುತ್ತ ನಿಂತವರಿಗೆ ಹೇಳಿದ. "ಕಾಲು ಜಾರಿತು. ಏನ್ ಮಾಡ್ಲಿ, ಕಾಲು ಜಾರಿತು."

"ಆಟದಾಗ ಇದ್ದದ್ದ ಬಿಡಪಾ," ಅಂದರು ಯಾರೋ. ಬೆನ್ನು ತಟ್ಟಿದರು.

ಗುರುಗಳು ಮಾತ್ರ ಅಂಕಣದೊಳಗೆ ಬಂದರು. ಯಮನಪ್ಪ ನಿಂತಿದ್ದ ಜಾಗದಲ್ಲಿ ಬಗ್ಗಿದರು. ನೀರು ಚಿಮುಕಿಸಿದ್ದ ಹಸಿ ಮಣ್ಣಿನಲ್ಲಿ ಎರಡು ಪಾದಗಳ ಗುರುತು ಅಚ್ಚೊತ್ತಿದಂತೆ ಇತ್ತು. ಜಾರಿದ ಗುರುತು ಎಲ್ಲಿಯೂ ಇರಲಿಲ್ಲ.

ಅವರು ತಲೆ ಎತ್ತಿ ಯಮನಪ್ಪನನ್ನು ನೋಡಿದರು.

ಆಮೇಲೆ ತಮ್ಮ ಪಾದದಿಂದ ಆ ಗುರುತನ್ನು ಒರೆಸಿ ಹೊರಟುಹೋದರು.

ಆಸ್ಪತ್ರೆಯಲ್ಲಿ ದ್ಯಾಮಣ್ಣನ ಹೆಗಲು ಕೂರಿಸಿ, ಬಲಗೈಯನ್ನು ಎದೆಗೆ ಸೇರಿಸಿ ಕಟ್ಟಿದರು. ಎರಡು ತಿಂಗಳು ಅಲುಗಿಸಬಾರದು ಅಂದರು.

ಗುರುಗಳು ಯಮನಪ್ಪನನ್ನು ಕರೆದರು. "ಅವನ ಕೈ ಕಟ್ಟೈತಿ. ನಿನ್ನ ಕೈ ಖಾಲಿ ಐತಿ."

ಅಂದಿನಿಂದ ಯಮನಪ್ಪ ದ್ಯಾಮಣ್ಣನ ಬಲಗೈಯಾದ. ಮೈಗೆ ನೀರು ಹಾಕಿದ. ತಲೆ ಬಾಚಿದ. ರೊಟ್ಟಿ ಮುರಿದು ಪಲ್ಯ ಸುತ್ತಿ ಕೊಟ್ಟ.

"ನಿನಗ ತ್ರಾಸ ಆತಲ್ಲ ಅಣ್ಣಾ," ಅನ್ನುತ್ತಿದ್ದ ದ್ಯಾಮಣ್ಣ.

ಸುತ್ತಲ ಊರುಗಳಿಂದ ಅವನನ್ನು ನೋಡಲು ಜನ ಬರುತ್ತಿದ್ದರು. ಒಬ್ಬರು ಕರದಂಟು ತಂದರು. ಇನ್ನೊಬ್ಬರು ನಾಟಿ ಎಣ್ಣೆ ತಂದರು. ಹಾಸಿಗೆಯ ಸುತ್ತ ಕೂತು, ಅವನು ಹಿಡಿದ ಹಿಡಿತಗಳನ್ನೇ ಮತ್ತೆ ಮತ್ತೆ ಮಾತಾಡಿದರು. ಯಮನಪ್ಪ ಅವರಿಗೆ ನೀರು ತಂದುಕೊಟ್ಟ.

ಒಂದು ಸಂಜೆ ಅವನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ದ್ಯಾಮಣ್ಣನ ಮುರಿದ ಹೆಗಲಿನ ಮೇಲೂ ತನಗೆ ಹೊಟ್ಟೆಕಿಚ್ಚು ಹುಟ್ಟಿತ್ತು.

ಅಂಕಣದಲ್ಲಿ ಮೂಲೆ ಖಾಲಿ ಇತ್ತು. ಗುರುಗಳು ಅಂದರು. "ಯಮನಪ್ಪ, ಮೂಲಿಗೆ ನೀ ನಿಲ್ಲು. ನಿನ್ನ ಜಾಗಕ್ಕ ಗುಳಪ್ಪ."

ಮೂರು ವರ್ಷ ಅವನು ಕನಸಿನಲ್ಲಿ ಕೇಳಿದ್ದ ಮಾತು ಅದು.

ಗುಳಪ್ಪ ಹೊಸಬ. ಗಟ್ಟಿ ಆಳು, ಬಾಯಲ್ಲಿ ಮಾತು ಕಡಿಮೆ. ಯಮನಪ್ಪನ ಕೈ ಹಿಡಿದು ನಿಂತ.

ಎದುರಿನಿಂದ ದಾಳಿಗೆ ಬಂದವನ ಕಾಲು ಯಮನಪ್ಪನ ಮುಂದೆಯೇ ಬಂತು. ಅವನು ಬಗ್ಗಿದ, ಬೀಳಲಿಲ್ಲ. ಕಾಲು ಹೋಯಿತು.

ಮತ್ತೆ ಬಂತು. ಈ ಸಲ ಬಿದ್ದ, ಆದರೆ ತಡವಾಗಿ. ಕೈಯಲ್ಲಿ ಬರೀ ಮಣ್ಣು ಬಂತು.

ಎಂಟು ದಿನ ಹೀಗೇ ಆಯಿತು. ಒಂಬತ್ತನೆಯ ದಿನ ಗುರುಗಳು ಆಟ ನಿಲ್ಲಿಸಿದರು.

"ಬೀಳೂ ಮೊದಲ ಹಿಂದ ಯಾಕ ನೋಡ್ತಿ?"

ಹಾಗೆ ನೋಡುತ್ತಿದ್ದುದು ಯಮನಪ್ಪನಿಗೇ ಗೊತ್ತಿರಲಿಲ್ಲ.

"ಗುಳಪ್ಪ ಬರ್ತಾನೋ ಇಲ್ಲೋ ಅಂತ್ರಿ."

"ಗುಳಪ್ಪ ಯಾಕ ಬರಂಗಿಲ್ಲ?"

ಯಮನಪ್ಪ ಕೈಯ ಮಣ್ಣು ಒರೆಸಿಕೊಂಡ. ಗುಳಪ್ಪ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದ.

ಆ ಸಂಜೆ ಯಮನಪ್ಪ ಗುರುಗಳ ಕಾಲ ಬಳಿ ಕುಕ್ಕರಿಸಿದ.

"ಗುರುಗಳ, ಅವತ್ತ ನನ್ನ ಕಾಲು ಜಾರಿರಲಿಲ್ರಿ."

"ನನಗ ಯಾಕ ಹೇಳ್ತಿ? ಮುರಿದದ್ದು ನನ್ನ ಹೆಗಲಲ್ಲ."

"ಬೇಕಂತ ಮಾಡಿದ್ನೋ ಇಲ್ಲೋ, ಅದೂ ನನಗ ತಿಳೀವಲ್ದು. ಜನ ಅವನ ಹೆಸರು ಕೂಗಿದ್ರು. ಕಾಲು ನಿಂತುಬಿಡ್ತು."

"ಅದನ್ನೂ ಅವಗ ಹೇಳು."

ಮರುದಿನ ಮುಂಜಾನೆ ದ್ಯಾಮಣ್ಣನ ಬೆನ್ನಿಗೆ ನೀರು ಹಾಕುತ್ತಾ ಯಮನಪ್ಪ ಹೇಳಿದ. ಎದುರಿಗೆ ಕೂತು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಬೆನ್ನಿಗೆ ಹೇಳಿದ. ಬೆಣ್ಣೆಯಿಂದ ಹಿಡಿದು ಅರ್ಧ ಹೆಜ್ಜೆಯವರೆಗೆ ಎಲ್ಲವನ್ನೂ.

ದ್ಯಾಮಣ್ಣ ತಿರುಗಲಿಲ್ಲ. ನೀರು ಅವನ ಕೂದಲಿನಿಂದ ತೊಟ್ಟಿಕ್ಕುತ್ತಿತ್ತು.

ಹಾಗೇ ಕೂತು ಅಂದ. "ನಾ ಹಿಂದ ನೋಡ್ತಿರಲಿಲ್ಲ. ಒಂದ ದಿನನೂ ನೋಡಿಲ್ಲ. ನೀ ಇದ್ದಿ ಅಂತ ಕಣ್ಣು ಮುಚ್ಚಿ ಬೀಳ್ತಿದ್ದೆ."

ಯಮನಪ್ಪ ತಂಬಿಗೆ ಹಿಡಿದುಕೊಂಡೇ ನಿಂತಿದ್ದ.

"ತಂಬಿಗಿ ಇಲ್ಲೆ ಇಟ್ಟು ಹೋಗು, ಯಮನಪ್ಪ."

'ಅಣ್ಣಾ' ಅನ್ನಲಿಲ್ಲ. ಎಡಗೈಯಿಂದ ತಾನೇ ನೀರು ಹಾಕಿಕೊಂಡ. ಅಂದಿನಿಂದ ರೊಟ್ಟಿಯನ್ನೂ ತಾನೇ ಮುರಿದುಕೊಂಡ. ಅರ್ಧ ರೊಟ್ಟಿ ನೆಲಕ್ಕೆ ಬೀಳುತ್ತಿತ್ತು. ಆದರೂ ಯಮನಪ್ಪನನ್ನು ಹತ್ತಿರ ಸೇರಿಸಲಿಲ್ಲ.

ಯಮನಪ್ಪ ಗಂಟು ಕಟ್ಟಿದ. ಹೊರಡುವ ಮುಂಚೆ ಗುರುಗಳಿಗೆ ನಮಸ್ಕಾರ ಮಾಡಲು ಬಂದ.

"ಎಲ್ಲಿಗೆ?"

"ಊರಿಗ್ರಿ. ಇಲ್ಲಿ ನಾ ಯಾವ ಮಾರಿ ಇಟಗೊಂಡ ಇರಲಿ?"

"ಅಡ್ಡ ನಿಲ್ಲಾವನ ಮಾರಿ ಯಾರ್ ನೋಡ್ತಾರ?" ಅಂದರು ಗುರುಗಳು. "ಮೊದಲ ಗಂಟು ಬಿಚ್ಚು."

ಯಮನಪ್ಪ ಗಂಟು ಬಿಚ್ಚಿದ.

ಎರಡು ತಿಂಗಳು ಕಳೆದು ದ್ಯಾಮಣ್ಣನ ಕಟ್ಟು ಬಿಚ್ಚಿತು. ಇನ್ನೊಂದು ತಿಂಗಳು ಹೆಗಲು ಪಳಗಿಸಿ ಅವನು ಅಂಕಣಕ್ಕೆ ಇಳಿದ. ನೇರ ಮೂಲೆಗೆ ಹೋಗಿ ನಿಂತ.

"ಪಕ್ಕಕ್ಕ ಯಾರು?" ಕೇಳಿದರು ಗುರುಗಳು.

ದ್ಯಾಮಣ್ಣ ಯಮನಪ್ಪನ ಕಡೆ ನೋಡಲಿಲ್ಲ. "ಗುಳಪ್ಪ," ಅಂದ.

ಯಮನಪ್ಪ ಗೆರೆಯಾಚೆ ಹೋಗಿ ಕೂತ.

ಅಲ್ಲಿ ಕೂತಾಗ ಅವನಿಗೆ ವಿಚಿತ್ರವೊಂದು ಕಂಡಿತು. ಈಗ ಅವನ ಕಣ್ಣು ದ್ಯಾಮಣ್ಣನ ಮೇಲಿರಲಿಲ್ಲ. ಗುಳಪ್ಪನ ಮೇಲಿತ್ತು, ಆ ಪಕ್ಕದ ಜಾಗದ ಮೇಲಿತ್ತು. ಯಾರೂ ಹೆಸರು ಕೂಗದ, ತಾನು ಮೂರು ವರ್ಷ ಬೈದುಕೊಂಡೇ ನಿಂತಿದ್ದ ಜಾಗ. ಅಲ್ಲಿ ಗುಳಪ್ಪ ದ್ಯಾಮಣ್ಣನ ಕೈ ಹಿಡಿದು ನಿಂತದ್ದನ್ನು ಕಂಡರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಗುರುಗಳಿಗೆ ಹೇಳಿದ. "ಹೊಟ್ಟಿಕಿಚ್ಚು ಹೋಗವಲ್ದ್ರಿ. ಒಬ್ಬನ್ನ ಬಿಟ್ರ ಇನ್ನೊಬ್ಬನ್ನ ಹಿಡೀತೈತಿ."

"ಹೋಗಬೇಕು ಅಂತ ಯಾರ ಅಂದ್ರು?"

"ಮತ್ತ?"

"ಅದು ಬಂದಾಗ ನಿನ್ನ ಕಾಲು ಎಲ್ಲಿರ್ತಾವ ನೋಡಕೋ."

ಮತ್ತೆ ಅಂದರು. "ಗುಳಪ್ಪ ಹಾರ್ತಾನ. ಅವಗ ಕಲಸು."

"ನಾನ?"

"ಮಣಕ ಈಗ ಈದೈತಿ. ಅದಕ್ಕ ಪುರಸೊತ್ತಿಲ್ಲ."

ಯಮನಪ್ಪನಿಗೆ ಆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕಲಿಸಿದರೆ ಗುಳಪ್ಪ ಆ ಜಾಗದಲ್ಲಿ ಬೇರು ಬಿಡುತ್ತಾನೆ. ಕಲಿಸದಿದ್ದರೆ ಮತ್ತೆ ದ್ಯಾಮಣ್ಣನ ಹೆಗಲು.

ಬೆಳಗಾಗುತ್ತಲೇ ಹೋಗಿ ಗುಳಪ್ಪನನ್ನು ಎಬ್ಬಿಸಿದ.

ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟ. ಎದೆ ನೋಡು, ಪಾದ ಎತ್ತಬೇಡ, ಸೊಂಟ ಇಳಿಸು. ತಾನೇ ಮೂಲೆಯವನಾಗಿ ನಿಂತು, ದಾಳಿಗೆ ಬಂದವನ ಕಾಲಿಗೆ ಬಿದ್ದ. ಗುಳಪ್ಪ ತಡ ಮಾಡಿದಾಗಲೆಲ್ಲ ಆಳಿನ ಭಾರ ಯಮನಪ್ಪನ ಹೆಗಲ ಮೇಲೆ ಬಿತ್ತು.

"ಅಣ್ಣಾ, ನೋವಾತೇನು?" ಅನ್ನುತ್ತಿದ್ದ ಗುಳಪ್ಪ.

"ಆತು. ಮತ್ತೊಮ್ಮೆ ಬಾ."

ಬೀಳುವ ಮುಂಚೆ ಹಿಂದೆ ನೋಡದೆ ಇರುವುದನ್ನು ಯಮನಪ್ಪನೂ ಕಲಿತ. ಅದಕ್ಕೆ ಅವನಿಗೆ ಇಪ್ಪತ್ತು ದಿನ ಬೇಕಾಯಿತು. ಅವನ ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಊಟಕ್ಕೆ ಕೂತಾಗ ಕೈ ಮೇಲೆ ಏಳುತ್ತಿರಲಿಲ್ಲ. ಎದುರಿಗೆ ಕೂತ ದ್ಯಾಮಣ್ಣ ಒಮ್ಮೆ ಆ ಹೆಗಲು ನೋಡಿದ. ಆಮೇಲೆ ತನ್ನ ರೊಟ್ಟಿ ಮುರಿದ.

ಗುಳಪ್ಪನ ಬ್ಲಾಕ್ ಗಟ್ಟಿಯಾಯಿತು. ಎರಡು ಪಂದ್ಯ ಗೆದ್ದರು. ಜನ ಎಂದಿನಂತೆ ದ್ಯಾಮಣ್ಣನ ಹೆಸರು ಕೂಗಿದರು. ಗೆರೆಯಾಚೆ ಕೂತ ಯಮನಪ್ಪನಿಗೆ ಎಂದಿನಂತೆ ಚುಚ್ಚಿತು. ಅವನು ಬಗ್ಗಿ ತನ್ನ ಕಾಲು ನೋಡಿಕೊಂಡ. ಅವು ಇದ್ದಲ್ಲೇ ಇದ್ದವು.

ಮುಂದೆ ಗುಳಪ್ಪ ಅಕ್ಕನ ಮದುವೆಗೆಂದು ಊರಿಗೆ ಹೋದ.

ಅಂದು ಅಭ್ಯಾಸಕ್ಕೆ ಎಲ್ಲರೂ ಅಂಕಣಕ್ಕೆ ಇಳಿದರು. ದ್ಯಾಮಣ್ಣ ಮೂಲೆಯಲ್ಲಿ ನಿಂತ. ಪಕ್ಕದ ಜಾಗ ಖಾಲಿ. ಗುರುಗಳು ಯಾರ ಹೆಸರನ್ನೂ ಹೇಳಲಿಲ್ಲ. ಒಬ್ಬಿಬ್ಬರು ಮುಂದೆ ಬಂದು, ದ್ಯಾಮಣ್ಣನ ಮುಖ ನೋಡಿ ಹಿಂದೆ ಸರಿದರು.

ದ್ಯಾಮಣ್ಣ ಬಹಳ ಹೊತ್ತು ನೆಲ ನೋಡಿದ. ಮಣ್ಣನ್ನು ಕಾಲ ಬೆರಳಿನಿಂದ ಕೆದರಿದ.

ಆಮೇಲೆ ಎಡಗೈ ಚಾಚಿದ.

"ಬಾ," ಅಂದ. ಯಾರನ್ನು ಎಂದು ಹೇಳಲಿಲ್ಲ. ಆದರೆ ಕೈ ಗೆರೆಯಾಚೆಗೆ ತಿರುಗಿತ್ತು.

ಯಮನಪ್ಪ ಎದ್ದು ಬಂದ. ಆ ಕೈ ಹಿಡಿದ. ಅದು ಬೆವೆತಿತ್ತು. ತನ್ನದೂ ಬೆವೆತಿತ್ತು.

ದಾಳಿಗೆ ಬಂದವನು ಅವರಲ್ಲೇ ಎಲ್ಲರಿಗಿಂತ ಭಾರಿ ಆಳು. ಬಲಕ್ಕೆ ಹೋದ ಹಾಗೆ ಮಾಡಿ ಮೂಲೆಗೆ ನುಗ್ಗಿದ. ಅವನ ಪಾದ ದ್ಯಾಮಣ್ಣನ ಎದುರು ಊರಿತು.

ದ್ಯಾಮಣ್ಣ ಬೀಳುವ ಮುಂಚೆ ಕತ್ತು ತಿರುಗಿಸಿದ. ಕಣ್ಣು ಮಿಟುಕಿಸುವಷ್ಟು ಹೊತ್ತು. ಯಮನಪ್ಪನ ಕಣ್ಣನ್ನು ನೋಡಿದ.

ಆಮೇಲೆ ಬಿದ್ದ. ಆ ನೋಟದಲ್ಲಿ ಹೊತ್ತು ಹೋಗಿತ್ತು. ಹಿಡಿತಕ್ಕೆ ಪಾದ ಸಿಗಲಿಲ್ಲ, ಬರೀ ಹಿಮ್ಮಡಿ ಸಿಕ್ಕಿತು. ಬಂದವನು ಅದನ್ನು ಕಿತ್ತುಕೊಂಡು ನಡುಗೆರೆಗೆ ತಿರುಗಿದ.

ತಿರುಗಿದಲ್ಲಿ ಯಮನಪ್ಪ ಇದ್ದ.

ಹಾರಿರಲಿಲ್ಲ. ಕೈ ಬೀಸಿರಲಿಲ್ಲ. ಮಂಡಿ ಬಗ್ಗಿಸಿ, ಪಾದ ನೆಲಕ್ಕೆ ಊರಿ, ಬಾಗಿಲು ಹಾಕಿದ ಹಾಗೆ ನಿಂತಿದ್ದ. ಭಾರಿ ಆಳು ಅವನ ಎದೆಗೆ ಬಡಿದು, ಉಸಿರು ಬಿಟ್ಟು ಕೂತ.

ಕೂಗಲು ಅಲ್ಲಿ ಜನ ಇರಲಿಲ್ಲ. ದ್ಯಾಮಣ್ಣ ಎದ್ದು, ಹೆಗಲಿನ ಮಣ್ಣು ಕೊಡವಿಕೊಂಡು ಮೂಲೆಗೆ ಹೋಗಿ ನಿಂತ. ಮತ್ತೆ ಕೈ ಚಾಚಿದ.

ಆ ದಿನ ಹನ್ನೊಂದು ಸಲ ದಾಳಿ ಬಂತು. ದ್ಯಾಮಣ್ಣ ಬಿದ್ದದ್ದು ಆರು ಸಲ. ಆರು ಸಲವೂ ಬೀಳುವ ಮುಂಚೆ ಹಿಂದೆ ನೋಡಿದ.

ಆಟ ಮುಗಿದ ಮೇಲೆ ಎಲ್ಲರೂ ಹೊಳೆಗೆ ಇಳಿದರು. ಯಮನಪ್ಪ ಮಾತ್ರ ಗುರುಗಳ ಬಳಿ ಉಳಿದ. ಅವರು ಕಸಬರಿಗೆ ಹಿಡಿದು ಅಂಕಣದ ಗೆರೆ ಸರಿಮಾಡುತ್ತಿದ್ದರು.

"ಗುರುಗಳ, ಅಂವ ಬೀಳೂ ಮೊದಲ ಹಿಂದ ನೋಡ್ತಾನ್ರಿ."

"ಹೌದು."

"ಮೊದಲ ನೋಡ್ತಿರಲಿಲ್ಲ."

"ಹೌದು."

"ಅದಕ್ಕ ಹಿಡಿತ ತಪ್ಪತೈತಿ. ಅದು ನನ್ನಿಂದ ಆದದ್ದು." ಯಮನಪ್ಪ ಹೊಳೆಯ ಕಡೆ ನೋಡಿದ. "ಇನ್ನ ಎಷ್ಟು ದಿನ ನೋಡ್ತಾನ್ರಿ?"

ಗುರುಗಳು ಗುಡಿಸುವುದನ್ನು ನಿಲ್ಲಿಸಲಿಲ್ಲ.

"ನೋಡಲಿ ಬಿಡು. ಅಂವ ನೋಡಿದಾಗೆಲ್ಲ ನೀ ಅಲ್ಲಿರು."